ತಾರಸಿ ಹತ್ತಿದ ಗಂಡಸರು

ಹೆಂಡತಿಯ ಬಲಗೈ ಮಣಿಕಟ್ಟು ಮುರಿದ ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಬಸ್ ಡ್ರೈವರ್ ತಲೆಗೆ ಹೆಲ್ಮೆಟ್ ಹಾಕಿಕೊಂಡ, ಒದ್ದೆ ಬಟ್ಟೆ ತುಂಬಿದ ಬಕೆಟ್ ಎತ್ತಿಕೊಂಡ, ಮನೆಯ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ತಾರಸಿಯ ಮೆಟ್ಟಿಲು ಹತ್ತತೊಡಗಿದ.

ಹೆಲ್ಮೆಟ್ಟಿಗೆ ಕಾರಣವಿತ್ತು. ನಾಲ್ಕು ಅಂತಸ್ತಿನ, ಹದಿನಾರು ಮನೆಗಳ ಆ ಕಟ್ಟಡದಲ್ಲಿ ಗಂಡಸು ಎನಿಸಿಕೊಂಡವನು ಒದ್ದೆ ಬಟ್ಟೆ ಹಿಡಿದು ತಾರಸಿ ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ನೀರಿನ ಟ್ಯಾಂಕು ನೋಡಲು ಹತ್ತುತ್ತಿದ್ದರು. ಮನೆಯವರ ಕಣ್ಣು ತಪ್ಪಿಸಿ ಸಿಗರೇಟು ಸೇದಲು ಹತ್ತುತ್ತಿದ್ದರು. ಬಟ್ಟೆ ಮಾತ್ರ ಹೆಂಗಸರ ಪಾಲು. ಡ್ರೈವರ್ ಮನೆಯಲ್ಲಿ ಒಗೆಯುವುದಕ್ಕೆ ಹಳೆಯದೊಂದು ಮೆಷೀನು ಇತ್ತು. ಒಣಗಿಸುವ ಮೆಷೀನು ಹೆಂಡತಿಯೇ ಆಗಿದ್ದಳು. ಆ ಮೆಷೀನು ತುಂಬಿದ ಬಕೆಟ್ಟಿನ ಜೊತೆ ಮೂರನೇ ಮಹಡಿಯ ತಿರುವಿನಲ್ಲಿ ಕಾಲು ಜಾರಿ ಬಿದ್ದು, ಈಗ ಆರು ವಾರಕ್ಕೆ ಪ್ಲಾಸ್ಟರಿನಲ್ಲಿತ್ತು. ಅಮ್ಮನಿಗೆ ಎಪ್ಪತ್ತೆಂಟು, ಮಂಡಿ ಮಡಚಲು ಬರುವುದಿಲ್ಲ. ಉಳಿದವನು ಅವನೊಬ್ಬನೇ. ಡ್ಯೂಟಿ ಶುರುವಾಗುವುದು ಮಧ್ಯಾಹ್ನ ಒಂದಕ್ಕೆ, ಹಾಗಾಗಿ ಬಿಡುವಿಲ್ಲ ಎನ್ನುವ ನೆಪವೂ ಇರಲಿಲ್ಲ. ಹೆಲ್ಮೆಟ್ ಹಾಕಿಕೊಂಡರೆ ಯಾರೋ ರಿಪೇರಿಯವನು ಎಂದುಕೊಂಡು ಸುಮ್ಮನಾಗುತ್ತಾರೆ ಎಂಬುದು ಅವನ ಲೆಕ್ಕಾಚಾರ.

ಇಡೀ ಬೀದಿಯಲ್ಲಿ ನಿಂಬೆಹಣ್ಣಿನ ಬಣ್ಣದ ಹೆಲ್ಮೆಟ್ ಇದ್ದದ್ದು ಅವನೊಬ್ಬನ ಬಳಿ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

ತಾರಸಿಯಲ್ಲಿ ಆಗಲೇ ಐದಾರು ಜನ ಹೆಂಗಸರಿದ್ದರು. ಎಲ್ಲರಿಗಿಂತ ಎತ್ತರಕ್ಕೆ, ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಕಾರ್ಯದರ್ಶಿಯ ಹೆಂಡತಿ. ಅವಳ ಗಂಡ ಕಟ್ಟಡದ ಸಂಘದ ಕಾರ್ಯದರ್ಶಿ. ಕಟ್ಟಡದಲ್ಲಿ ಅವರ ಮಾತು ನಡೆಯುತ್ತಿತ್ತು, ಅವರ ಮನೆಯಲ್ಲಿ ಇವಳದು. ಡ್ರೈವರ್ ಮೂಲೆಯ ಹಗ್ಗಕ್ಕೆ ಬೆನ್ನು ತಿರುಗಿಸಿ ನಿಂತು ಮೊದಲ ಬೆಡ್‌ಶೀಟನ್ನು ಕೊಡವಿದ. ಗಾಳಿ ಬೀಸಿತು. ಒದ್ದೆ ಬೆಡ್‌ಶೀಟು ಫಟ್ಟೆಂದು ಬಂದು ಹೆಲ್ಮೆಟ್ಟಿಗೆ ಸುತ್ತಿಕೊಂಡಿತು. ಉಸಿರಿಗೆ ಹೆಲ್ಮೆಟ್ಟಿನ ಗಾಜೆಲ್ಲ ಮಂಜಾಯಿತು. ಅವನು ಕುರುಡನ ಹಾಗೆ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಹಾಕಿದ.

"ಏನ್ ಡ್ರೈವರ್ರೇ," ಎಂದಳು ಕಾರ್ಯದರ್ಶಿಯ ಹೆಂಡತಿ, "ಬಟ್ಟೆ ಒಣಹಾಕೋಕೆ ಬಂದ್ರೋ, ರಾಕೆಟ್ ಹತ್ತೋಕೆ ಬಂದ್ರೋ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳಂತೂ ನಗು ತಡೆಯಲಾರದೆ ಕ್ಲಿಪ್ಪಿನ ಡಬ್ಬಿಯ ಮೇಲೆಯೇ ಕುಳಿತುಬಿಟ್ಟಳು. ಡ್ರೈವರ್ ಉಳಿದ ಬಟ್ಟೆಯನ್ನೆಲ್ಲ ಹಗ್ಗದ ಮೇಲೆ ಒಂದರ ಮೇಲೊಂದು ಎಸೆದು, ಖಾಲಿ ಬಕೆಟ್ಟನ್ನು ಮೆಟ್ಟಿಲುಮೆಟ್ಟಿಲಿಗೂ ಬಡಿಯುತ್ತ ಕೆಳಗೆ ಓಡಿದ.

ಹೆಂಡತಿ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ಮೆಲ್ಲಗೆ ಮೇಲೆ ಹೋಗಿ ನೋಡಿ ಬಂದಳು. ಬಂದವಳು ಕುರ್ಚಿಗೆ ಕುಸಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಅಲ್ಲಾ ರೀ, ಅಂಗಿನ ಕಾಲರ್ ಹಿಡಿದು ನೇತುಹಾಕಿದೀರಲ್ಲ, ಏನು ತಪ್ಪು ಮಾಡಿತ್ತು ಅದು? ಕೆಳಗಿನ ಅಂಚಿಗೆ ಕ್ಲಿಪ್ ಹಾಕಬೇಕು. ಪ್ಯಾಂಟನ್ನ ಒಳಮೈ ಹೊರಗೆ ತಿರುಗಿಸಿ ಹಾಕಬೇಕು, ಇಲ್ಲಾಂದ್ರೆ ಬಣ್ಣ ಹೋಗುತ್ತೆ."

"ಇದಕ್ಕೂ ಇಷ್ಟೊಂದು ರೂಲ್ಸಾ?"

"ಮತ್ತೆ? ಲೈಸೆನ್ಸ್ ಬಸ್ಸಿಗೆ ಮಾತ್ರ ಬೇಕು ಅಂದ್ಕೊಂಡ್ರಾ?"

ಒಳಗಿನಿಂದ ಅಮ್ಮ ಕೂಗಿದರು, "ನಮ್ಮ ಮನೆತನದಲ್ಲಿ ಗಂಡಸರು ಬಕೆಟ್ ಮುಟ್ಟಿದವರಲ್ಲ ಕಣೋ! ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

"ಅಪ್ಪ ಇದ್ದಿದ್ರೆ ಅವರನ್ನೇ ಕಳಿಸ್ತಿದ್ದೆ ಅಮ್ಮ," ಎಂದ ಡ್ರೈವರ್. ಅಮ್ಮ ಮೂರು ದಿನ ಮಾತು ಬಿಟ್ಟರು.

ಆದರೆ ಆ ಆರು ವಾರ ಹೇಗೋ ಕಳೆಯಿತು. ಹೆಲ್ಮೆಟ್ ಎರಡನೆಯ ದಿನವೇ ಗೋಡೆಯ ಮೊಳೆಗೆ ಹೋಯಿತು. ಜನ ನಗುವುದನ್ನು ಬಿಟ್ಟು "ಪಾಪ" ಎನ್ನತೊಡಗಿದರು. ಹೆಂಡತಿಯ ಕೈ ಮುರಿದಿದೆ, ಪಾಪ. ಮನೆಯಲ್ಲಿ ವಯಸ್ಸಾದ ತಾಯಿ, ಪಾಪ. ಆ ಪಾಪದ ನೆರಳಿನಲ್ಲಿ ಡ್ರೈವರ್ ಕೆಲಸ ಕಲಿತ. ಯಾವ ಹಗ್ಗಕ್ಕೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ, ಟವೆಲ್ಲನ್ನು ಎಷ್ಟು ಸಲ ಕೊಡವಿದರೆ ಮೆತ್ತಗಾಗುತ್ತದೆ, ಗಾಳಿಗೆ ಎದುರಾಗಿ ಬೆಡ್‌ಶೀಟು ಹಿಡಿಯುವುದು ಹೇಗೆ. ದಿನವಿಡೀ ಗಾಜಿನ ಹಿಂದೆ ಕೂತು ಮುಂದಿನ ಲಾರಿಯ ಬೆನ್ನು ನೋಡುವ ಮನುಷ್ಯ. ತಾರಸಿಯ ಗಾಳಿ, ಅಷ್ಟು ದೊಡ್ಡ ಆಕಾಶ, ಸಾಲಾಗಿ ನಿಂತು ಕೈ ಬೀಸುವ ಅಂಗಿಗಳು, ಇವೆಲ್ಲ ಅವನಿಗೆ ಹಿಡಿಸಿಬಿಟ್ಟವು. ಯಾರಿಗೂ ಹೇಳಲಿಲ್ಲ ಅಷ್ಟೆ.

ಇನ್ನೊಂದನ್ನೂ ಯಾರಿಗೂ ಹೇಳಲಿಲ್ಲ. ಮೆಟ್ಟಿಲು ಎಣಿಸಿದ್ದ. ಅರವತ್ತನಾಲ್ಕು.

ಪ್ಲಾಸ್ಟರ್ ಬಿಚ್ಚಿದ ದಿನ ಇಡೀ ಕಟ್ಟಡ ಹೆಂಡತಿಗಿಂತ ಹೆಚ್ಚಾಗಿ ಗಂಡನನ್ನೇ ಅಭಿನಂದಿಸಿತು. "ಮುಗೀತಲ್ಲಪ್ಪ ನಿಮ್ಮ ವನವಾಸ!" ಎಂದು ಕಾರ್ಯದರ್ಶಿಗಳು ಬೆನ್ನು ತಟ್ಟಿದರು. ಮರುದಿನ ಬೆಳಿಗ್ಗೆ ಹೆಂಡತಿ ಬಕೆಟ್ಟಿಗೆ ಕೈ ಹಾಕಿದಳು. ಡ್ರೈವರ್ ಅದೇ ಹಿಡಿಯ ಇನ್ನೊಂದು ತುದಿ ಹಿಡಿದುಕೊಂಡ.

"ಬಿಡ್ರೀ, ಕೈ ಸರಿಹೋಗಿದೆ."

"ನಿನ್ನ ಕೈ ಸರಿಹೋಗಿದೆ. ನನ್ನ ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

"ಇಷ್ಟು ದಿನ ಕಾರಣ ಇತ್ತು. ಈಗ ಹೋದ್ರೆ ಜನ ಏನಂತಾರೆ?"

"ಇಪ್ಪತ್ತೆರಡು ವರ್ಷ ನೀನು ಇದನ್ನ ಹೊತ್ಕೊಂಡು ಹತ್ತಿದೀಯ. ನಮ್ಮ ಕಟ್ಟಡಕ್ಕೆ ಎಷ್ಟು ಮೆಟ್ಟಿಲಿದೆ ಅಂತಾನೂ ನನಗೆ ಗೊತ್ತಿರಲಿಲ್ಲ ಕಣೇ. ಬಸ್ ಸ್ಟಾಪ್ ಎಲ್ಲ ಬಾಯಿಪಾಠ, ಇದು ಗೊತ್ತಿರಲಿಲ್ಲ."

ಹೆಂಡತಿ ಅವನ ಮುಖ ನೋಡಿದಳು. ನಗುತ್ತಾನೇನೋ ಎಂದು ಕಾದಳು. ಅವನು ನಗಲಿಲ್ಲ. ಅವಳು ಹಿಡಿ ಬಿಟ್ಟಳು, ಬಿಟ್ಟ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಳು. ಆಮೇಲೆ ಹೋಗಿ ಬಾಗಿಲ ಬಳಿ ಬಿದ್ದಿದ್ದ ಪೇಪರ್ ಎತ್ತಿಕೊಂಡಳು. ಮದುವೆಯಾದಾಗಿನಿಂದ ಪೇಪರ್ ಅವಳ ಕೈಗೆ ಬರುತ್ತಿದ್ದದ್ದು ಸಂಜೆ, ಎಲ್ಲರೂ ಓದಿ ಮಡಚಿ ಸುಕ್ಕುಮಾಡಿದ ಮೇಲೆ. ಅಂದು ಬೆಳಿಗ್ಗೆ ಗರಿಗರಿ ಪೇಪರನ್ನು ಬಿಡಿಸಿಕೊಂಡು, ಟೀ ಲೋಟ ಪಕ್ಕಕ್ಕಿಟ್ಟುಕೊಂಡು, ಒಂದು ಕೊಲೆ ಪ್ರಕರಣವನ್ನು ಗಟ್ಟಿಯಾಗಿ ಓದತೊಡಗಿದಳು. ಅಮ್ಮನ ಕಿವಿ ನೆಟ್ಟಗಾಯಿತು.

"ಆಮೇಲೆ? ಸಿಕ್ಕಿದ್ನಾ ಅವನು?"

"ನಾಳೆ ಬರುತ್ತಂತೆ ಅತ್ತೆ."

ಮಾರನೆಯ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದ್ದಾಗಲೇ ಅಮ್ಮ ಮಗನಿಗೆ, "ಇನ್ನೂ ಯಾಕೋ ನಿಂತಿದೀಯ? ಬಕೆಟ್ ತಗೊಂಡು ಹೋಗೋ, ಅವಳು ಪೇಪರ್ ಓದಬೇಕು," ಎಂದು ಗದರಿದರು. ಮನೆತನದ ಮಾತು ಅಲ್ಲಿಗೆ ಮುಗಿಯಿತು.

ಹೊರಗೆ ಮಾತ್ರ ಮಾತು ಆಗ ಶುರುವಾಯಿತು. ಕೈ ಮುರಿದಾಗ ಹೋದರೆ ಪಾಪ. ಕೈ ನೆಟ್ಟಗಿದ್ದಾಗಲೂ ಹೋದರೆ ಅದೇನು? ಬೀದಿ ಮೂಲೆಯ ಕ್ಷೌರದ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಸೇರುವ ಗಂಡಸರ ಮಂಡಳಿ ಅವನಿಗೆ 'ಕ್ಲಿಪ್ಪಣ್ಣ' ಎಂದು ಹೆಸರಿಟ್ಟಿತು. ಅವನು ಆ ದಾರಿಯಲ್ಲಿ ಹಾದರೆ ಸಾಕು, ಕ್ಷೌರಿಕ ಕೈಯಲ್ಲಿನ ಬಟ್ಟೆ ಕೊಡವುತ್ತ, "ಬನ್ನಿ ಕ್ಲಿಪ್ಪಣ್ಣೋರೇ, ಬರೀ ಕಟಿಂಗ್ ಮಾಡ್ಲಾ, ತೊಳೆದು ಒಣಹಾಕ್ಲಾ?" ಎನ್ನುತ್ತಿದ್ದ. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಡ್ರೈವರಿಗೆ ಎದುರುತ್ತರ ಕೊಡುವ ಚಾಲಾಕು ಇರಲಿಲ್ಲ. ಅವನ ಬಳಿ ಇದ್ದದ್ದು ಒಂದೇ ಮಾತು.

"ಬಟ್ಟೆ ಒದ್ದೆ ಇತ್ತು, ಒಣಹಾಕ್ದೆ."

ಮೊದಲ ದಿನ ಅದಕ್ಕೂ ನಕ್ಕರು. ಹತ್ತನೆಯ ದಿನವೂ ಅದೇ ಮಾತು, ಅದೇ ಮುಖ, ಸಿಟ್ಟಿಲ್ಲ, ಸೆಡವಿಲ್ಲ. ಇಪ್ಪತ್ತನೆಯ ದಿನ ಬೆಂಚಿನ ಮೇಲೆ ಯಾರೋ ಒಬ್ಬ, ನಗುವುದನ್ನು ಅರ್ಧಕ್ಕೇ ನಿಲ್ಲಿಸಿ, "ಅಲ್ಲಾ, ಒದ್ದೆ ಇದ್ರೆ ಒಣಹಾಕಲೇಬೇಕಲ್ವಾ?" ಎಂದುಬಿಟ್ಟ. ಎಲ್ಲರೂ ತಿರುಗಿ ನೋಡಿದ್ದಕ್ಕೆ ಅವನು ನಾಲಿಗೆ ಕಚ್ಚಿಕೊಂಡು ಪೇಪರಿನ ಹಿಂದೆ ಅಡಗಿಕೊಂಡ.

ಕಾರ್ಯದರ್ಶಿಗಳು ಒಮ್ಮೆ ಡ್ರೈವರನ್ನು ಪಕ್ಕಕ್ಕೆ ಕರೆದರು. ಎಲ್ಲದಕ್ಕೂ ನೋಟೀಸು ಬರೆದು ಮೊಹರು ಒತ್ತುವುದು ಅವರ ಚಾಳಿ. ಮೊಹರು ಯಾವಾಗಲೂ ಅಂಗಿಯ ಜೇಬಿನಲ್ಲೇ. "ನೋಡಿ, ನಿಮ್ಮೊಬ್ಬರ ವಿಷಯ ಅಲ್ಲ ಇದು. ದಿನಾ ರಾತ್ರಿ ಊಟಕ್ಕೆ ಕೂತ್ರೆ ನಮ್ಮನೇಲಿ ನಿಮ್ಮದೇ ಪುರಾಣ. ಡ್ರೈವರ್ರು ಹಾಗೆ, ಡ್ರೈವರ್ರು ಹೀಗೆ. ನನ್ನ ಗಂಟಲಲ್ಲಿ ಅನ್ನ ಇಳೀತಿಲ್ಲ. ಒಂದು ಸ್ವಲ್ಪ ದಿನ ನಿಲ್ಲಿಸಿ."

"ನಿಲ್ಲಿಸಬಹುದು ಸಾರ್. ಆದ್ರೆ ಬಟ್ಟೆ ಒದ್ದೆ ಇರುತ್ತಲ್ಲ."

ಅವನಿಗೆ ನಿಜಕ್ಕೂ ಪೇಚಾದದ್ದು ಗಂಡಸರಿಂದಲ್ಲ, ಹೆಂಗಸರಿಂದ. ಅವನು ತಾರಸಿಯ ಬಾಗಿಲು ದಾಟುತ್ತಿದ್ದಂತೆ ಅಲ್ಲಿನ ಮಾತೆಲ್ಲ ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತಿತ್ತು. ಪ್ಲಾಸ್ಟರಿನ ದಿನಗಳಲ್ಲಿ ಸಹಿಸಿಕೊಂಡಿದ್ದರು. ಈಗ ಅವರ ಮೌನ ದಪ್ಪಗೆ ಬೆನ್ನಿಗೆ ಬಂದು ತಾಗುತ್ತಿತ್ತು. ಅವನು ಹೆಂಡತಿಯನ್ನು ಕೇಳಿದ.

"ನಾನೇನಾದ್ರೂ ತಪ್ಪು ಮಾಡ್ತಿದೀನಾ?"

"ತಪ್ಪಲ್ಲ. ಆದ್ರೆ ತಾರಸಿಲಿ ದಿನಕ್ಕೆ ಆ ಒಂದು ಗಂಟೆ, ನಮಗೆ ಅಂತ ಇದ್ದಿದ್ದು ಅಷ್ಟೇ. ಅತ್ತೆ ಇಲ್ಲ, ಮಕ್ಕಳಿಲ್ಲ. ಗಂಡಂದಿರ ಬಗ್ಗೆ ಬಾಯ್ತುಂಬ ಬೈಕೊಂಡು ಕೆಳಗೆ ಇಳಿದ್ರೆ ಇಡೀ ದಿನ ಹಗುರ. ಈಗ ನೀವು ಬಂದು ನಿಂತ್ರೆ ಯಾರನ್ನ ಬೈಯೋದು?"

"ನೀನೂ ಬೈತಿದ್ಯಾ?"

"ಮತ್ತೆ!"

ಡ್ರೈವರ್ ಒಂದು ದಿನವಿಡೀ ಯೋಚಿಸಿದ. ಮರುದಿನ ಬಕೆಟ್ ಹಿಡಿದು ಕೊನೆಯ ತಿರುವಿಗೆ ಬಂದಾಗ ನಿಂತು, ತನಗೆ ಗೊತ್ತಿದ್ದ ಒಂದೇ ಮರ್ಯಾದೆಯ ಕ್ರಮವನ್ನು ಅನುಸರಿಸಿದ. ಬಾಯಿಯಲ್ಲೇ ಗಟ್ಟಿಯಾಗಿ ಹಾರ್ನ್ ಹೊಡೆದ.

"ಪೋಂ... ಪೋಂ!"

ಮೇಲಿದ್ದವರು ಕ್ಲಿಪ್ಪು ಹಿಡಿದ ಕೈಯಲ್ಲೇ ತಿರುಗಿ ನೋಡಿದರು. ಆಮೇಲೆ ನಗೆಯ ಸ್ಫೋಟ.

"ಬನ್ನಿ ಬನ್ನಿ, ದಾರಿ ಬಿಟ್ಟಿದೀವಿ!" ಎಂದು ಕೂಗಿದಳು ಕಾರ್ಯದರ್ಶಿಯ ಹೆಂಡತಿ. ಅಂದಿನಿಂದ ಅದೇ ಪದ್ಧತಿಯಾಯಿತು. ಹಾರ್ನ್ ಕೇಳಿದರೆ ಹೆಂಗಸರು ಮಾತಿನ ಗೇರ್ ಬದಲಿಸುತ್ತಿದ್ದರು. ಬರುಬರುತ್ತ ಬದಲಿಸುವುದನ್ನೂ ಬಿಟ್ಟರು. ಅವನ ಎದುರೇ ಗಂಡಂದಿರನ್ನು ಬೈದು, "ಏನಂತೀರಿ ಡ್ರೈವರ್ರೇ, ನೀವೇ ಹೇಳಿ," ಎಂದು ಅವನನ್ನೇ ಪಂಚಾಯಿತಿಗೆ ಕೂರಿಸತೊಡಗಿದರು. ಅವನು ಬಾಯಲ್ಲಿ ನಾಲ್ಕು ಕ್ಲಿಪ್ ಕಚ್ಚಿಕೊಂಡು ಕತ್ತು ಮಾತ್ರ ಆಡಿಸುತ್ತಿದ್ದ. ಹಾಗಾಗಿ ಯಾವ ಮನೆಗೂ ಅವನಿಂದ ಕೇಡಾಗಲಿಲ್ಲ.

ಅದೊಂದು ದಿನ ಎರಡನೇ ಮಹಡಿಯಲ್ಲಿ ಹೆಡ್‌ಮಾಸ್ಟರರ ಬಾಗಿಲು ಒಂದು ಗೇಣು ತೆರೆಯಿತು. ನಿವೃತ್ತ ಹೆಡ್‌ಮಾಸ್ಟರ್, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಆ ಬೀದಿಯ ಅರ್ಧ ಗಂಡಸರು ಚಿಕ್ಕಂದಿನಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವರು. ಈಗಲೂ ಅವರನ್ನು ಕಂಡರೆ ಸಿಗರೇಟು ಬೆನ್ನ ಹಿಂದೆ ಹೋಗುತ್ತಿತ್ತು.

"ಡ್ರೈವರ್ರೇ, ಒಂದ್ನಿಮಿಷ ಒಳಗೆ ಬರ್ತೀರಾ?"

ಒಳಗೆ ಹೆಜ್ಜೆ ಇಟ್ಟವನಿಗೆ ಮೊದಲು ತಾಗಿದ್ದು ವಾಸನೆ, ಮುಚ್ಚಿದ ಪೆಟ್ಟಿಗೆಯ ಮುಗ್ಗಲು. ಕಿಟಕಿಯಿಂದ ಬೀರುವಿಗೆ, ಬೀರುವಿನಿಂದ ಪುಸ್ತಕದ ಕಪಾಟಿಗೆ ಜೇಡರಬಲೆಯಂತೆ ದಾರ ಕಟ್ಟಿ, ಅದರ ಮೇಲೆಲ್ಲ ಒದ್ದೆ ಬನಿಯನ್ನು, ಒದ್ದೆ ಅಂಗಿ. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

"ಆರು ವರ್ಷ ಆಯ್ತು," ಎಂದರು ಹೆಡ್‌ಮಾಸ್ಟರ್, ನೆಲ ನೋಡುತ್ತ. "ಅವಳು ಹೋದಾಗಿಂದ ಹೀಗೇ."

"ಮೇಲೆ ಅಷ್ಟು ಬಿಸಿಲಿದೆಯಲ್ಲ ಸಾರ್!"

"ಬಿಸಿಲಿದೆಯಪ್ಪ. ಧೈರ್ಯ ಇರಲಿಲ್ಲ. ಹೆಂಗಸರ ನಡುವೆ ನಿಂತು ನಾನು ಬನಿಯನ್ ಒಣಹಾಕೋದಾ? ಹೆಡ್‌ಮಾಸ್ಟರ್ ಅನ್ನಿಸ್ಕೊಂಡವನು?" ಅವರು ತಲೆ ಎತ್ತಿದರು. "ನೀವು ದಿನಾ ಹೋಗೋದನ್ನ ಕಿಟಕಿಯಿಂದ ನೋಡ್ತಿದ್ದೆ. ಇವತ್ತು ಬಿಡಬಹುದು, ನಾಳೆ ಬಿಡಬಹುದು ಅಂತ. ಬಿಡಲಿಲ್ಲ ನೀವು."

ಡ್ರೈವರ್ ದಾರದಿಂದ ಒಂದೊಂದೇ ಬಟ್ಟೆ ಎಳೆದು ತನ್ನ ಬಕೆಟ್ಟಿಗೆ ತುಂಬಿದ. ಭಾರ ಹೆಚ್ಚಾಯಿತು. ಇಬ್ಬರೂ ಒಂದೊಂದು ಕಡೆ ಹಿಡಿದು ಹತ್ತಿದರು. ಕೊನೆಯ ತಿರುವಿನಲ್ಲಿ ಡ್ರೈವರ್ ಹಾರ್ನ್ ಹೊಡೆದ. ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು, ಸ್ವಲ್ಪ ಮಂದ್ರದಲ್ಲಿ, ತಾವೂ ಒಂದು ಹಾರ್ನ್ ಹೊಡೆದರು.

ಹೆಂಗಸರು ಸಿಕ್ಕಾಪಟ್ಟೆ ಗಂಭೀರರಾಗಿ ಜಾಗ ಬಿಟ್ಟರು. ಹೆಡ್‌ಮಾಸ್ಟರ್ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸುವ ಹಾಗೆ ಬಟ್ಟೆಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದರು: ಮುಂದೆ ಕರವಸ್ತ್ರ, ಆಮೇಲೆ ಬನಿಯನ್ನು, ಹಿಂದೆ ಪ್ಯಾಂಟು. ಸಂಜೆ ಒಣಗಿದ ಅಂಗಿಯೊಂದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ನಿಂತರಂತೆ. ಡ್ರೈವರ್ ಆಗ ಡ್ಯೂಟಿಯಲ್ಲಿದ್ದ, ಹೇಳಿದ್ದು ಹೆಂಡತಿ.

ಮರುದಿನ ಕ್ಷೌರದ ಅಂಗಡಿಯಲ್ಲಿ ಕ್ಲಿಪ್ಪಣ್ಣನ ಹೆಸರು ಯಾರ ಬಾಯಿಂದಲೂ ಹೊರಡಲಿಲ್ಲ. ಡ್ರೈವರನ್ನು ಆಡಿಕೊಂಡರೆ ಹೆಡ್‌ಮಾಸ್ಟರರನ್ನೂ ಆಡಿಕೊಂಡಂತೆ. ಅಷ್ಟು ಎದೆಗಾರಿಕೆ ಯಾರಿಗಿತ್ತು?

ಆಮೇಲೆ ಕಟ್ಟಡಕ್ಕೆ ವಿಚಿತ್ರವಾದ ತಲೆನೋವಿನ ಜಾಡ್ಯ ಬಡಿಯಿತು. ಮೊದಲು ಒಂದನೇ ಮಹಡಿಯ ಎಲೆಕ್ಟ್ರಿಷಿಯನ್ ಬಕೆಟ್ ಹಿಡಿದು ಕಾಣಿಸಿಕೊಂಡ. "ಹೆಂಡ್ತಿಗೆ ತಲೆನೋವು ಅಣ್ಣ, ಇವತ್ತೊಂದಿನ." ಆ ತಲೆನೋವು ಇಳಿಯಲೇ ಇಲ್ಲ. ಮರುವಾರ ಪಕ್ಕದ ಮನೆಯವನ ಹೆಂಡತಿಗೂ ಅಂಟಿಕೊಂಡಿತು. ತಲೆನೋವಿನ ಹೆಂಗಸರು ಮಾತ್ರ ವರಾಂಡದಲ್ಲಿ ಕಾಲು ಚಾಚಿ ಕೂತು ಟೀ ಕುಡಿಯುತ್ತ, ಮೈ ಕೈ ತುಂಬಿಕೊಂಡು, ಮೊದಲಿಗಿಂತ ಲವಲವಿಕೆಯಿಂದ ಇದ್ದರು. ಇನ್ನು ಕೆಲವು ಗಂಡಸರು ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋಗುತ್ತಿದ್ದರು, ಒಬ್ಬ ಮಧ್ಯಾಹ್ನ ಎರಡಕ್ಕೆ, ಇನ್ನೊಬ್ಬ ಹೊತ್ತು ಹುಟ್ಟುವ ಮೊದಲೇ. ಒಬ್ಬರದು ಒಬ್ಬರಿಗೆ ತಿಳಿಯದು. ಕದ್ದು ಹೋಗುತ್ತಿರುವವನು ಲೋಕದಲ್ಲಿ ತಾನೊಬ್ಬನೇ ಎಂದು ಪ್ರತಿಯೊಬ್ಬನ ನಂಬಿಕೆ.

ಆಗ ಕೆಳಗಿನ ಬೋರ್ಡಿನಲ್ಲಿ ಮೊಹರು ಒತ್ತಿದ ನೋಟೀಸು ಬಂತು. ತಾರಸಿಯಲ್ಲಿ ಪುರುಷರು ಬಟ್ಟೆ ಒಣಹಾಕುವುದರಿಂದ ಕಟ್ಟಡದ ಶಿಸ್ತು ಮತ್ತು ಘನತೆಗೆ ಕುಂದುಂಟಾಗುತ್ತಿದ್ದು, ಇದನ್ನು ನಿಷೇಧಿಸುವ ಬಗ್ಗೆ ಭಾನುವಾರ ಹನ್ನೊಂದು ಗಂಟೆಗೆ ಸಭೆ.

ಭಾನುವಾರ ಗಾಡಿ ನಿಲ್ಲಿಸುವ ತಗಡಿನ ಚಾವಣಿಯ ಕೆಳಗೆ ಹದಿನಾಲ್ಕು ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತರು, ನಾಟಕ ನೋಡಲು ಬಂದವರ ಹಾಗೆ. ಕಾರ್ಯದರ್ಶಿಗಳು ಘನತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಬೆವರು ಒರೆಸಿಕೊಂಡರು.

"ನಿಷೇಧ ಬೇಕು ಅನ್ನೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಎಲ್ಲರೂ ಪಕ್ಕದವನ ಕೈ ನೋಡಿದರು. ಮುಂದಿನ ಸಾಲಿನಲ್ಲಿ ಒಂದು ಕೈ ಅರ್ಧಕ್ಕೆ ಎದ್ದಿತು, ತಲೆ ಕೆರೆಯಲೋ ಎಂಬಂತೆ. ಅದನ್ನು ನೋಡಿ ಪಕ್ಕದ್ದು ಎದ್ದಿತು, ಅದನ್ನು ನೋಡಿ ಹಿಂದಿನದು. ತಲೆನೋವಿನ ಎಲೆಕ್ಟ್ರಿಷಿಯನ್ನನ ಕೈ ಕೂಡ ಮೆಲ್ಲಗೆ ಮೇಲೆ ಹೋಯಿತು. ಅವನ ಕಣ್ಣು ಮಾತ್ರ ಮೆಟ್ಟಿಲ ಕಡೆ ಹೋಗಲಿಲ್ಲ. ಕೊನೆಗೆ ಕೆಳಗೇ ಉಳಿದದ್ದು ಎರಡೇ ಜನರ ಕೈ.

"ಹೆಡ್‌ಮಾಸ್ಟ್ರೇ, ತಾವು?"

"ನಾನು ಆರು ವರ್ಷ ಫ್ಯಾನಿನ ಕೆಳಗೆ ಒಣಗಿದೀನಿ. ಇನ್ನು ಆಗಲ್ಲ," ಎಂದರು ಅವರು.

"ಡ್ರೈವರ್ರೇ, ನೀವಾದ್ರೂ ಏನಾದ್ರೂ ಹೇಳ್ತೀರಾ?"

ಡ್ರೈವರ್ ಎದ್ದು ನಿಂತ. ತುಂಬಿದ ಬಸ್ಸನ್ನು ಇಕ್ಕಟ್ಟು ಗಲ್ಲಿಯಲ್ಲಿ ಹಿಂದಕ್ಕೆ ತೆಗೆದವನಿಗೆ ಹದಿಮೂರು ಜನರ ಎದುರು ಬಾಯಿ ಒಣಗಿತ್ತು. ಹೆಂಡತಿಯನ್ನು ನೋಡಿದ. ಅವಳು ಹುಬ್ಬು ಹಾರಿಸಿದಳು.

"ಬಟ್ಟೆ ಒದ್ದೆ..." ಎಂದು ಅವನು ಶುರುಮಾಡಿದ.

ಟಪ್.

ತಗಡಿನ ಮೇಲೆ ಒಂದು ಹನಿ. ಎಲ್ಲರೂ ತಲೆ ಎತ್ತಿದರು. ಟಪ್, ಟಪ್. ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಹದಿನಾಲ್ಕು ಜನ ಉಸಿರು ಬಿಗಿಹಿಡಿದು ಚಾವಣಿ ನೋಡಿದರು. ಒಬ್ಬನ ಕಾಲು ಕುರ್ಚಿಯ ಕೆಳಗೆ ತಕತಕ ಕುಣಿಯತೊಡಗಿತು. ಟಪಟಪಟಪ.

"ಅಯ್ಯೋ! ನನ್ನ ಬೆಡ್‌ಶೀಟು!" ಎಂದು ಎಲೆಕ್ಟ್ರಿಷಿಯನ್ ಕುರ್ಚಿ ಉರುಳಿಸಿಕೊಂಡು ಎದ್ದ.

ಅಷ್ಟೇ ಸಾಕಾಯಿತು. "ನಂದು ಎರಡು ಹೊದಿಕೆ!" ಎಂದು ಇನ್ನೊಬ್ಬ. "ಮಗೂದು ಯೂನಿಫಾರ್ಮು!" ಎಂದು ಮತ್ತೊಬ್ಬ. ಕುರ್ಚಿಗಳು ದಡದಡ ಬಿದ್ದವು. ಹೆಂಗಸರು ಗೋಡೆಗೆ ಒತ್ತಿ ಕೂತು ದಾರಿ ಬಿಟ್ಟರು. ಇಡೀ ಸಭೆ ಮೆಟ್ಟಿಲು ಹತ್ತಿ ಓಡಿತು, ಎದ್ದೆವೋ ಬಿದ್ದೆವೋ ಎಂದು, ಒಬ್ಬರ ಚಪ್ಪಲಿ ಒಬ್ಬರು ತುಳಿಯುತ್ತ. ಎಲ್ಲರ ನಡುವೆ ನುಗ್ಗುತ್ತ, ವಯಸ್ಸು ಮರೆತು, ಹೆಡ್‌ಮಾಸ್ಟರ್. "ಸಾಲಾಗಿ ಬನ್ನಿ! ತಳ್ಳಬೇಡಿ!" ಎಂದು ಕೂಗುತ್ತ ಅವರೇ ಎಲ್ಲರನ್ನೂ ತಳ್ಳುತ್ತಿದ್ದರು.

ಡ್ರೈವರ್ ತಾರಸಿಗೆ ಬಂದಾಗ ಮಳೆ ದಪ್ಪಗಾಗಿತ್ತು. ಹಗ್ಗಗಳ ನಡುವೆ ಗಂಡಸರು ಕಂಡಕಂಡದ್ದನ್ನು ಬಾಚಿಕೊಳ್ಳುತ್ತಿದ್ದರು. ಕ್ಲಿಪ್ಪುಗಳು ಪಟಪಟ ಸಿಡಿಯುತ್ತಿದ್ದವು. ಒಬ್ಬನ ತಲೆಗೆ ಇನ್ನೊಬ್ಬನ ಪ್ಯಾಂಟು ಸುತ್ತಿಕೊಂಡಿತ್ತು. ಆಗ, ನೀರಿನ ಟ್ಯಾಂಕಿನ ಹಿಂದಿನಿಂದ, ಅಲ್ಲೊಂದು ಹಗ್ಗ ಇದೆ ಎಂಬುದೇ ಯಾರಿಗೂ ಗೊತ್ತಿರದ ಮೂಲೆಯಿಂದ, ಕಾರ್ಯದರ್ಶಿಗಳು ಹೊರಬಂದರು. ಎದೆಗವಚಿಕೊಂಡ ಬಟ್ಟೆಯ ರಾಶಿ. ಅದರ ಮೇಲುಗಡೆ, ಒದ್ದೆಯಾಗಿ, ಹಸಿರು ಗಿಳಿಗಳ ಚಿತ್ರವಿದ್ದ ಭಾರೀ ನೈಟಿಯೊಂದು.

ಎಲ್ಲರೂ ಗರಬಡಿದವರಂತೆ ನಿಂತರು. ಮಳೆ ಸುರಿಯುತ್ತಿತ್ತು.

"ಯಾವಾಗಿಂದ ಸಾರ್?" ಎಂದ ಡ್ರೈವರ್.

"ಒಂದು ತಿಂಗಳಾಯ್ತು," ಎಂದರು ಕಾರ್ಯದರ್ಶಿಗಳು. ಕನ್ನಡಕದಿಂದ ನೀರು ಸುರಿಯುತ್ತಿತ್ತು. "ಬೆಳಿಗ್ಗೆ ಐದಕ್ಕೇ ಎಬ್ಬಿಸ್ತಾಳೆ."

"ಮತ್ತೆ ನೋಟೀಸು?"

"ಎಲ್ಲರಿಗೂ ನಿಷೇಧ ಆದ್ರೆ ನನಗೂ ತಪ್ಪುತ್ತಲ್ಲ ಅಂತ..."

ಮೊದಲು ನಕ್ಕದ್ದು ಹೆಡ್‌ಮಾಸ್ಟರ್. ಆಮೇಲೆ ಯಾರು ಯಾವಾಗ ನಕ್ಕರೋ ಲೆಕ್ಕವಿಲ್ಲ. ಕಾರ್ಯದರ್ಶಿಗಳೇ ನಗುನಗುತ್ತ ಟ್ಯಾಂಕಿಗೆ ಒರಗಿ ಕುಸಿದು ಕೂತರು, ಗಿಳಿಗಳ ಸಮೇತ. ಹೆಂಗಸರು ತಾರಸಿಯ ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕಿ, "ನೋಡ್ರೇ, ನೋಡ್ರೇ!" ಎಂದು ಚಪ್ಪಾಳೆ ತಟ್ಟಿದರು. ಯಾವ ಬಟ್ಟೆಯೂ ನೆನೆಯದೆ ಉಳಿಯಲಿಲ್ಲ. ಅದಲುಬದಲಾದ ಬಟ್ಟೆ ಸರಿಯಾದ ಮನೆ ಸೇರಲು ಒಂದು ವಾರ ಹಿಡಿಯಿತು. ಜೋಡಿ ತಪ್ಪಿದ ಕಾಲುಚೀಲಗಳನ್ನು ಹೆಡ್‌ಮಾಸ್ಟರ್ ತಮ್ಮ ಮನೆಯ ಬಾಗಿಲಲ್ಲಿ ನೇತುಹಾಕಿ, ಗುರುತು ಹೇಳಿದವರಿಗೆ ಮಾತ್ರ ಕೊಟ್ಟರು.

ನಿಷೇಧದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ಸಭೆಯನ್ನು ಕರೆದದ್ದು ಹೆಂಗಸರು. ಬೇಡಿಕೆ ಒಂದೇ: ಬೆಳಿಗ್ಗೆ ಎಂಟರಿಂದ ಒಂಬತ್ತರ ತನಕ ತಾರಸಿ ತಮಗೆ ಬೇಕು, ಬಟ್ಟೆ ಒಣಹಾಕುವುದಕ್ಕಲ್ಲ, ಸುಮ್ಮನೆ ಕೂರುವುದಕ್ಕೆ. ಗಂಡಸರು ಬಕೆಟ್ ಹಿಡಿದು ಒಂಬತ್ತರ ಮೇಲೆ ಬರಬಹುದು. ಎಲ್ಲ ಕೈಗಳೂ ಎದ್ದವು. ಹಾಗೆ ಆ ಒಂದು ಗಂಟೆ ಹೆಂಗಸರಿಗೆ ತಿರುಗಿ ಸಿಕ್ಕಿತು, ಈ ಸಲ ಬರಿಗೈಯಲ್ಲಿ. ಡ್ರೈವರನ ಹೆಂಡತಿ ಪೇಪರನ್ನೂ ಅಲ್ಲಿಗೇ ಒಯ್ದು ಎಲ್ಲರಿಗೂ ಓದಿ ಹೇಳತೊಡಗಿದಳು. ಕೊಲೆಯ ಸುದ್ದಿ ತಪ್ಪಿಹೋದೀತೆಂಬ ಭಯಕ್ಕೆ ಅಮ್ಮ, ಮಂಡಿಯನ್ನು ಬೈದುಕೊಳ್ಳುತ್ತ, ಮೊಮ್ಮಗಳ ವಯಸ್ಸಿನವರ ಹೆಗಲು ಹಿಡಿದು, ನಾಲ್ಕು ಅಂತಸ್ತು ಹತ್ತಿ ಹೋಗಿಯೇ ಬಿಟ್ಟರು.

ಎಂಟು ತಿಂಗಳಾದ ಮೇಲೆ ಖಾಲಿಯಿದ್ದ ಮನೆಗೆ ಹೊಸ ಸಂಸಾರ ಬಂತು. ಕಾರ್ಯದರ್ಶಿಗಳು ಹೊಸಬನನ್ನು ತಾರಸಿಗೆ ಕರೆತಂದು ಹಗ್ಗ ತೋರಿಸಿದರು. ಆಗ ಡ್ರೈವರ್ ಅಲ್ಲೇ ಟವೆಲ್ಲು ಕೊಡವುತ್ತಿದ್ದ.

"ನಿಮ್ಮ ಹಗ್ಗ ಇದು. ನೀವು ಒಂಬತ್ತರ ಮೇಲೆ ಬನ್ನಿ."

"ನಾನಾ?" ಹೊಸಬ ಕಣ್ಣುಬಾಯಿ ಬಿಟ್ಟ. "ಇಲ್ಲಿ ಗಂಡಸರು...?"

"ನಮ್ಮ ಕಟ್ಟಡದಲ್ಲಿ ಮೊದಲಿಂದಲೂ ಹೀಗೇ," ಎಂದರು ಕಾರ್ಯದರ್ಶಿಗಳು, ಎದೆ ಉಬ್ಬಿಸಿ. "ಘನತೆಯ ಪ್ರಶ್ನೆ ನೋಡಿ. ನಾನೇ ಒಂದು ಶಿಸ್ತು ತಂದೆ. ಅಲ್ವಾ ಡ್ರೈವರ್ರೇ? ನಿಮಗೂ ನೆನಪಿರಬೇಕು."

ಅವರ ಮುಖದಲ್ಲಿ ಕಪಟದ ಎಳೆಯೂ ಇರಲಿಲ್ಲ. ಮನಸಾರೆ ನಂಬಿದ್ದರು. ಕ್ಷೌರದ ಅಂಗಡಿಯವನೂ ಮೊನ್ನೆ ಯಾರಿಗೋ, "ನಾನು ಶುರುವಿನಿಂದಲೂ ಹೇಳ್ತಾನೇ ಇದ್ದೆ," ಎನ್ನುತ್ತಿದ್ದುದನ್ನು ಡ್ರೈವರ್ ಕೇಳಿಸಿಕೊಂಡಿದ್ದ. ಅವನು ಬಾಯಿ ತೆರೆದ. ಬಾಯಲ್ಲಿ ಕ್ಲಿಪ್ಪುಗಳಿದ್ದವು. ಕತ್ತು ಮಾತ್ರ ಆಡಿಸಿ ಟವೆಲ್ಲನ್ನು ಇನ್ನೊಮ್ಮೆ ಕೊಡವಿದ.

ನಗು ಬಂದದ್ದು ಆಮೇಲೆ, ಮಧ್ಯಾಹ್ನ, ತುಂಬಿದ ಬಸ್ಸನ್ನು ದೊಡ್ಡ ಸಿಗ್ನಲ್ಲಿನಲ್ಲಿ ನಿಲ್ಲಿಸಿಕೊಂಡಿದ್ದಾಗ. ಮೊದಲಿಂದಲೂ ಹೀಗೇ! ಮೊದಲು ಒಂದು ಸಣ್ಣ ಗುಳ್ಳೆಯ ಹಾಗೆ ಹೊಟ್ಟೆಯಿಂದ ಎದ್ದಿತು. ತಡೆದುಕೊಂಡ. ಹೆಗಲು ಕುಲುಕಿತು. ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಹಿಹಿಹಿ ಎಂದು ನಗತೊಡಗಿದ.

"ಏನಾಯ್ತಣ್ಣ?" ಎಂದ ಕಂಡಕ್ಟರ್.

ಡ್ರೈವರಿಗೆ ಹೇಳಲಾಗಲಿಲ್ಲ, ಕೈ ಮಾತ್ರ ಆಡಿಸಿದ. ಅವನು ನಗುವ ರೀತಿ ನೋಡಿ ಕಂಡಕ್ಟರಿಗೂ ನಗು ಬಂತು. ಮುಂದಿನ ಸೀಟಿನ ಅಜ್ಜಿ ಏನೂ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿಯರು ಕಿಸಕ್ಕೆಂದರು. ಅಲ್ಲಿಂದ ಅದು ಸೀಟಿನಿಂದ ಸೀಟಿಗೆ ಹಾರುತ್ತ ಹಿಂದೆ ಹೋಯಿತು. ಹಿಂಬಾಗಿಲಲ್ಲಿ ಜೋತುಬಿದ್ದಿದ್ದ, ಮುಖ ಗಂಟಿಕ್ಕಿಕೊಂಡ ಮನುಷ್ಯನೊಬ್ಬ, "ಯಾಕ್ರೀ ನಗ್ತಿದೀರಾ ಎಲ್ಲಾ?" ಎಂದು ಸಿಡುಕಿನಿಂದ ಕೇಳಿದವನು, ಮಾತು ಮುಗಿಸುವಷ್ಟರಲ್ಲಿ ತಾನೂ ನಗುತ್ತಿದ್ದ.

ದೀಪ ಹಸಿರಾಯಿತು. ಹಿಂದಿನ ಗಾಡಿಗಳು ಒಟ್ಟಿಗೆ ಅರಚಿಕೊಂಡವು. ಡ್ರೈವರ್ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡು, ಗೇರ್ ಹಾಕಿ, ನಗುತ್ತಿದ್ದ ಆ ಇಡೀ ಬಸ್ಸನ್ನು ಮುಂದಕ್ಕೆ ಬಿಟ್ಟ.